ವಿಮಾನ ಹತ್ತುವ ಮೊದಲು ತಕ್ಕಡಿ ಹತ್ತಿಸಿ

ನನಗೀಗ ಎಪ್ಪತ್ತಮೂರು, ನಮ್ಮಾಕೆಗೆ ಅರವತ್ತೊಂಬತ್ತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ಕೊನೆಯ ಹದಿನಾಲ್ಕು ವರ್ಷ ರಾಜಾಜಿನಗರದ ಶಾಖೆಯಲ್ಲಿ ಕಳೆದು ನಿವೃತ್ತನಾದವನು ನಾನು. ವಿಜಯನಗರದ ನಮ್ಮ ಮನೆಯ ತಾರಸಿಯಲ್ಲಿ ಹಪ್ಪಳ ಒಣಹಾಕುವಾಗ ತಲೆಯ ಮೇಲೆ ಹೋಗುವ ವಿಮಾನಗಳನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಹತ್ತಿದ್ದು ಮಾತ್ರ ಕಳೆದ ಫೆಬ್ರವರಿಯಲ್ಲಿ, ಅದೇ ಮೊದಲು.

ನಮ್ಮಾಕೆಯ ಅಕ್ಕ ಹುಬ್ಬಳ್ಳಿಯಲ್ಲಿದ್ದಾರೆ. ಅವರ ಯಜಮಾನರು ಅಲ್ಲಿಯ ರೈಲ್ವೆ ವರ್ಕ್‌ಷಾಪಿನಲ್ಲಿದ್ದವರು. ಅಕ್ಕನಿಗೆ ಎಂಬತ್ತು ತುಂಬಿತೆಂದು ಮಕ್ಕಳು ಮನೆಯಲ್ಲೇ ಒಂದು ಸಣ್ಣ ಶಾಂತಿ ಇಟ್ಟುಕೊಂಡಿದ್ದರು. ಅಕ್ಕತಂಗಿಯರ ತವರು ತಿಪಟೂರಿನ ಹತ್ತಿರದ ಹಳ್ಳಿ. ಈಗ ಅಲ್ಲಿ ತೋಟ ನೋಡಿಕೊಳ್ಳುತ್ತಿರುವವನು ಅವರ ಅಣ್ಣನ ಮಗ. ಅವನು ಒಂದು ಚೀಲ ತಂದುಕೊಟ್ಟ. ಅದರಲ್ಲಿ ಅಕ್ಕಿ, ಬೆಲ್ಲ, ಅರಿಸಿನ ಕುಂಕುಮ, ಒಂದು ಸೀರೆ, ತೋಟದ ಹನ್ನೆರಡು ಉಂಡೆ ಕೊಬ್ಬರಿ. "ದೊಡ್ಡತ್ತೆಗೆ ತವರಿನ ಮಡಿಲಕ್ಕಿ. ನೀವೇ ತುಂಬಿಬಿಡಿ ಅತ್ತೆ" ಎಂದು ಹೇಳಿ ಹೋದ.

ರಾತ್ರಿ ಬಸ್ಸಿನಲ್ಲಿ ಎಂಟು ಗಂಟೆ ಕೂರಲು ನಮ್ಮಾಕೆಯ ಮಂಡಿ ಒಪ್ಪುವುದಿಲ್ಲ. ರೈಲಿನಲ್ಲಿ ಆ ದಿನಕ್ಕೆ ವೇಟಿಂಗ್ ಲಿಸ್ಟು. ಮಗ ಫೋನಿನಲ್ಲೇ ಏನೋ ಒತ್ತಿ, "ಅಪ್ಪ, ಕಡಿಮೆ ದರದ ವಿಮಾನದಲ್ಲಿ ಹೋಗಲು ಬರಲು ಎರಡಕ್ಕೂ ಟಿಕೆಟ್ ಮಾಡಿದ್ದೇನೆ, ಒಂದು ಗಂಟೆಯಲ್ಲಿ ಹುಬ್ಬಳ್ಳಿ" ಎಂದ. ದರ ಕೇಳಿದೆ. ರೈಲಿನ ಮೇಲ್ದರ್ಜೆಗಿಂತ ಬಹಳ ದುಬಾರಿಯೇನೂ ಇರಲಿಲ್ಲ.

ಆರನೇ ತರಗತಿಯಲ್ಲಿ ಓದುವ ಮೊಮ್ಮಗಳು ಪುಟ್ಟಿ ಒಮ್ಮೆ ಅಪ್ಪ ಅಮ್ಮನ ಜೊತೆ ದೆಹಲಿಗೆ ವಿಮಾನದಲ್ಲಿ ಹೋಗಿ ಬಂದವಳು. ಆ ಸಂಜೆಯೇ ನೋಟ್‌ಬುಕ್ಕಿನ ಹಾಳೆ ಹರಿದು ಹತ್ತು ಸಾಲಿನ ಪಟ್ಟಿ ಬರೆದು ನನ್ನ ಕೈಗೆ ಕೊಟ್ಟಳು. "ತಾತ, ಇದನ್ನ ಅಜ್ಜಿಗೂ ಓದಿ ಹೇಳು" ಎಂದಳು. ಮಡಿಚಿ ಜೇಬಿಗಿಟ್ಟುಕೊಂಡೆ.

ಮೊದಲು ಒಂದು ಪ್ರಶ್ನೆ. ವಿಮಾನದ ಟಿಕೆಟ್ ಇಷ್ಟು ಕಡಿಮೆಗೆ ಹೇಗೆ ಸಿಗುತ್ತದೆ? ಇದಕ್ಕೆ ಉತ್ತರ ನಮ್ಮ ಕನ್ನಡ ನಾಡಿನಲ್ಲೇ ಇದೆ. ಹಾಸನ ಜಿಲ್ಲೆಯ ಗೊರೂರಿನ ಶಾಲಾ ಮೇಷ್ಟರ ಮಗ ಜಿ. ಆರ್. ಗೋಪಿನಾಥ್ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಅಲ್ಲಿಂದ ಬಂದು ಊರಿನ ಕಡೆ ರೇಷ್ಮೆ ಕೃಷಿ ಮಾಡಿದರು, ಆಮೇಲೆ ಹೆಲಿಕಾಪ್ಟರ್ ಕಂಪನಿ ಕಟ್ಟಿದರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ದೇಶದಲ್ಲಿ ಕಡಿಮೆ ದರದ ವಿಮಾನಯಾನಕ್ಕೆ ದಾರಿ ತೆರೆದದ್ದು ಅದೇ. ಬೆಂಗಳೂರು–ಹುಬ್ಬಳ್ಳಿ ಅದರ ಆರಂಭದ ಮಾರ್ಗಗಳಲ್ಲಿ ಒಂದು. ಆಗ ವಿಮಾನ ಹಾರುತ್ತಿದ್ದುದು ಹಳೆಯ ಎಚ್‌ಎಎಲ್ ನಿಲ್ದಾಣದಿಂದ. ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಆರ್. ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರದ 'ಶ್ರೀಸಾಮಾನ್ಯ'ನೇ ಏರ್ ಡೆಕ್ಕನ್‌ನ ಗುರುತು. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಮಾರಿದರು. ನಮ್ಮ ಶಾಖೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅದೇ ಮಾತು. "ಒಂದು ರೂಪಾಯಿಗೆ ಕಡಲೆಕಾಯಿ ಬರೋಲ್ಲ, ವಿಮಾನ ಬರುತ್ತಂತೆ!" ಎಂದು ನಾವು ನಕ್ಕದ್ದೇ ನಕ್ಕದ್ದು. ಹತ್ತುವ ಧೈರ್ಯ ಮಾತ್ರ ಯಾರೂ ಮಾಡಲಿಲ್ಲ. ಆ ಕಂಪನಿ ಮುಂದೆ ಇನ್ನೊಂದು ಕಂಪನಿಯೊಳಗೆ ಸೇರಿಹೋಯಿತು. ಅದು ತೋರಿಸಿದ ದಾರಿ ಉಳಿಯಿತು.

ಅದರ ಗುಟ್ಟು ಇಷ್ಟೇ. ಮಕ್ಕಳೇ, ಖಾನಾವಳಿಯಲ್ಲಿ ಒಂದು ಊಟದ ಚೀಟಿ ತೆಗೆದುಕೊಂಡರೆ ಅನ್ನ, ಸಾರು, ಪಲ್ಯ, ಮಜ್ಜಿಗೆ ಎಲ್ಲವೂ ಬರುತ್ತದೆ. ಕಡಿಮೆ ದರದ ವಿಮಾನ ಹಾಗಲ್ಲ. ಅಲ್ಲಿ ಅನ್ನಕ್ಕೆ ಬೇರೆ ಚೀಟಿ, ಸಾರಿಗೆ ಬೇರೆ, ಹಪ್ಪಳಕ್ಕೂ ಬೇರೆ. ಟಿಕೆಟಿನ ದುಡ್ಡಿಗೆ ಸಿಗುವುದು ಒಂದು ಸೀಟು ಮತ್ತು ಇಷ್ಟೇ ಕೆಜಿ ಎಂಬ ಸಾಮಾನು. ಕಿಟಕಿ ಪಕ್ಕ ಬೇಕೆಂದರೆ ದುಡ್ಡು, ಗಂಡ ಹೆಂಡತಿ ಅಕ್ಕಪಕ್ಕ ಕೂರಬೇಕೆಂದು ಸೀಟು ಆರಿಸಿದರೆ ದುಡ್ಡು, ತಿಂಡಿ ಕಾಫಿಗೆ ದುಡ್ಡು, ಸಾಮಾನು ಹೆಚ್ಚಾದರೆ ಕೆಜಿಗಿಷ್ಟು ಎಂದು ದುಡ್ಡು. ಇಳಿದ ವಿಮಾನವನ್ನು ಬೇಗ ಸ್ವಚ್ಛಮಾಡಿ ಮತ್ತೆ ಹಾರಿಸುತ್ತಾರೆ. ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತೂ ನಷ್ಟವೇ. ದರವೂ ನಿಂತಲ್ಲಿ ನಿಲ್ಲುವುದಿಲ್ಲ. ಮೊದಲು ಕೊಂಡವರಿಗೆ ಸಾಮಾನ್ಯವಾಗಿ ಕಡಿಮೆ, ಸೀಟು ತುಂಬುತ್ತಾ ಬಂದಂತೆ ಹೆಚ್ಚು. ಟಿಕೆಟ್ ರದ್ದುಮಾಡಿದರೆ ಹಿಂದಿರುಗುವುದು ಅಲ್ಪ. ಇದರಲ್ಲಿ ಮೋಸವಿಲ್ಲ, ಎಲ್ಲವನ್ನೂ ಬರೆದೇ ಇರುತ್ತಾರೆ. ಓದಿಕೊಳ್ಳುವ ಕೆಲಸ ನಮ್ಮದು. ನಾನು ತಪ್ಪಿದ್ದು ಅಲ್ಲಿಯೇ.

ಪುಟ್ಟಿಯ ಪಟ್ಟಿಯ ಮೊದಲ ಸಾಲು: 'ಎರಡು ಗಂಟೆ ಮೊದಲೇ ಅಲ್ಲಿರಬೇಕು.' ವಿಜಯನಗರದಿಂದ ನಿಲ್ದಾಣಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಒಂಬತ್ತೂ ಮುಕ್ಕಾಲಿನ ವಿಮಾನಕ್ಕೆ ಬೆಳಗಿನ ಐದೂ ಮುಕ್ಕಾಲಿಗೆ ಟ್ಯಾಕ್ಸಿ ಹತ್ತಿದೆವು. ಹೆಬ್ಬಾಳ ದಾಟುವಾಗ ಆ ಸಾಲಿನ ಬೆಲೆ ತಿಳಿಯಿತು. ಸಾಮಾನು ಒಪ್ಪಿಸುವ ಕೌಂಟರನ್ನು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ, ವಿಮಾನಕ್ಕೆ ಬಿಡುವ ಗೇಟನ್ನು ಇಪ್ಪತ್ತೈದು ನಿಮಿಷ ಮೊದಲೇ. ರೈಲಿನಂತೆ ಓಡಿ ಹೋಗಿ ಹತ್ತುವುದು ಇಲ್ಲಿ ನಡೆಯುವುದಿಲ್ಲ.

ಎರಡನೇ ಸಾಲು: 'ಯಾವ ಟರ್ಮಿನಲ್ ಅಂತ ನೋಡು.' ನಮ್ಮ ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿವೆ. ನಮ್ಮದು ಒಂದನೆಯದು. ಮೂರನೇ ಸಾಲು: 'ಟಿಕೆಟ್, ಆಧಾರ್ ಕೈಯಲ್ಲೇ ಇರಲಿ.' ಬಾಗಿಲಲ್ಲಿ ನಿಂತ ಭದ್ರತಾ ಪಡೆಯವರು ಎರಡರಲ್ಲೂ ಹೆಸರು ಒಂದೇ ಇದೆಯೇ ಎಂದು ನೋಡಿ ಒಳಗೆ ಬಿಡುತ್ತಾರೆ. ಮುಖ ನೋಡಿಯೇ ಬಾಗಿಲು ತೆರೆಯುವ ಡಿಜಿಯಾತ್ರಾ ವ್ಯವಸ್ಥೆಯೂ ಇದೆ. ಅದು ಬೇಕಾದವರಿಗೆ ಮಾತ್ರ.

ಇನ್ನು ಕೌಂಟರಿನ ಕಥೆ. ನಮ್ಮ ಟಿಕೆಟಿನಲ್ಲಿ ಒಬ್ಬರಿಗೆ ಹದಿನೈದು ಕೆಜಿ ಸಾಮಾನು ಒಪ್ಪಿಸಬಹುದಿತ್ತು, ಕೈಚೀಲಕ್ಕೆ ಏಳು ಕೆಜಿ. ಎರಡು ಸೂಟ್‌ಕೇಸ್ ತಕ್ಕಡಿಯ ಮೇಲೆ ಇಟ್ಟೆ. ಕೆಂಪು ಅಂಕಿ ಓಡಿ ಓಡಿ ನಿಂತಿತು. ಎರಡೂ ಸೇರಿ ಮೂವತ್ತನಾಲ್ಕು. ಕೌಂಟರಿನಲ್ಲಿದ್ದ ಹುಡುಗಿ ಮೆಲ್ಲಗೆ, "ನಾಲ್ಕು ಕೆಜಿ ಹೆಚ್ಚಿದೆ ಅಂಕಲ್" ಎಂದು ಮೊತ್ತ ಹೇಳಿದಳು. ಎರಡು ಸಾವಿರಕ್ಕೂ ಮೇಲೆ! ಆಮೇಲೆ ಎದುರಿಗಿದ್ದ ಚಿತ್ರಗಳ ಫಲಕ ತೋರಿಸಿ, "ಇದರಲ್ಲಿ ಯಾವುದಾದರೂ ಇದೆಯಾ? ಪವರ್ ಬ್ಯಾಂಕ್, ಲೈಟರ್, ಒಣ ಕೊಬ್ಬರಿ?" ಎಂದಳು.

ನಮ್ಮಾಕೆಗೆ ಸುಳ್ಳು ಹೇಳಿ ಗೊತ್ತಿಲ್ಲ. "ಕೊಬ್ಬರಿ ಇದೆಯಮ್ಮ, ಹನ್ನೆರಡು" ಎಂದಳು.

ಸಾಲಿನ ಪಕ್ಕದಲ್ಲಿ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಬೇಕಾಯಿತು. ಸೀರೆ, ಪಂಚೆ, ಚಕ್ಕುಲಿ ಡಬ್ಬಿ, ಅಕ್ಕಿಯ ಗಂಟು, ಬೆಲ್ಲದ ಅಚ್ಚು, ಎಲ್ಲವೂ ಎಲ್ಲರ ಕಣ್ಣೆದುರು. ಮಂಡಿ ಮಡಿಸಲಾರದ ನಮ್ಮಾಕೆ ಸೊಂಟ ಬಗ್ಗಿಸಿ ಒಂದೊಂದೇ ಕೊಬ್ಬರಿ ಹೆಕ್ಕಿದಳು. "ಕೈಚೀಲಕ್ಕೆ ಹಾಕ್ಕೊಳ್ಳಲಾ?" ಎಂದು ಕೇಳಿದ್ದಕ್ಕೆ ಅಲ್ಲಿಯೂ ಇಲ್ಲವೆಂದರು. ನೆಲ ಒರೆಸುತ್ತಿದ್ದ ಹೆಂಗಸಿಗೆ ಕೊಡಹೋದರೆ, "ನಾವು ಏನೂ ತಗೊಳ್ಳೋ ಹಾಗಿಲ್ಲ ಅಮ್ಮ" ಎಂದಳು. ಕೊನೆಗೆ ಕಸದ ಡಬ್ಬಿ. ನಮ್ಮಾಕೆ ಬಿಸಾಡಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಒಂದೊಂದನ್ನೇ ಇಳಿಬಿಟ್ಟಳು. ಹಿಂದಿನ ಸಾಲಿನಿಂದ ಯಾರೋ, "ಈ ವಯಸ್ಸಲ್ಲಿ ಇವರಿಗೆಲ್ಲ ಯಾಕೆ ಬೇಕಿತ್ತು ಇದು" ಎಂದರು. ಅಂದದ್ದು ಕನ್ನಡದಲ್ಲೇ. ನಮ್ಮಾಕೆಗೆ ಕೇಳಿಸಿತು.

ಅಲ್ಲಿಂದ ಮುಂದೆ ಅವಳು ಮಾತಾಡಲಿಲ್ಲ. ಭದ್ರತಾ ತಪಾಸಣೆಯ ಸಾಲಿನಲ್ಲಿ ಒಂದೇ ಮಾತು: "ವಾಪಸ್ಸು ರೈಲಲ್ಲೇ ಬರೋಣ ರೀ."

ತಪಾಸಣೆಯಲ್ಲಿ ಹೆದರುವಂಥದ್ದೇನೂ ಇಲ್ಲ. ಮೊಬೈಲು, ಪರ್ಸು, ಬೆಲ್ಟು, ಕೈಚೀಲ ಎಲ್ಲವನ್ನೂ ತಟ್ಟೆಯಲ್ಲಿಟ್ಟರೆ ಯಂತ್ರದೊಳಗೆ ಹೋಗಿ ಆಚೆ ಬರುತ್ತದೆ. ಹೆಂಗಸರಿಗೆ ಬೇರೆ ಸಾಲು, ಪರದೆಯ ಒಳಗೆ ಹೆಂಗಸರೇ ತಪಾಸಣೆ ಮಾಡುತ್ತಾರೆ. ಕತ್ತರಿ, ಚಾಕು ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ಒಪ್ಪಿಸುವ ಸಾಮಾನಿನಲ್ಲಿ ಇರಕೂಡದು. ಕುಡಿಯುವ ನೀರಿಗೆ ಒಂದು ಖಾಲಿ ಬಾಟಲಿ ಒಯ್ದಿದ್ದೆವು, ಒಳಗೆ ನಲ್ಲಿಯಲ್ಲಿ ತುಂಬಿಸಿಕೊಂಡೆವು. ನಾವು ಕಾದಿದ್ದ ಕಡೆ ಮೈಕಿನಲ್ಲಿ ಯಾರೂ ಕೂಗಲಿಲ್ಲ. ಗೇಟಿನ ಸಂಖ್ಯೆಯನ್ನೂ ಸಮಯವನ್ನೂ ತೆರೆಯ ಮೇಲೆ ನಾವೇ ನೋಡುತ್ತಿರಬೇಕು. ನನ್ನಂತೆ ಕಣ್ಣು ಮಂಜಾದವರು ನಾಚದೆ ಪಕ್ಕದವರನ್ನು ಕೇಳಿ.

ಗೇಟಿನಿಂದ ಬಸ್ಸಿನಲ್ಲಿ ವಿಮಾನದ ಹತ್ತಿರ ಕರೆದುಕೊಂಡು ಹೋದರು. ದೊಡ್ಡ ಜೆಟ್ ಅಲ್ಲ, ರೆಕ್ಕೆಗೊಂದರಂತೆ ದೊಡ್ಡ ಪಂಖ ಇರುವ ಎಟಿಆರ್ ವಿಮಾನ. ಹತ್ತುವುದು ಹಿಂದಿನ ಬಾಗಿಲಿನಿಂದ. ನಡುವೆ ದಾರಿ, ಆ ಕಡೆ ಎರಡು ಸೀಟು, ಈ ಕಡೆ ಎರಡು. ಸೀಟು ಆರಿಸಲು ದುಡ್ಡು ಕೊಟ್ಟಿರದ ಕಾರಣ ನಾನು ಹನ್ನೆರಡನೇ ಸಾಲು, ನಮ್ಮಾಕೆ ಏಳನೇ ಸಾಲಿನ ಕಿಟಕಿ. ನಲವತ್ತಾರು ವರ್ಷದ ದಾಂಪತ್ಯಕ್ಕೆ ಐದು ಸಾಲಿನ ಅಂತರ! ಸೀಟಿನ ಪಟ್ಟಿ ಹಾಕಿಕೊಳ್ಳಲು ನಾನು ತಿಣುಕಾಡಿದೆ. ಬಿಚ್ಚುವುದು ಅದಕ್ಕಿಂತ ಕಷ್ಟವಾಯಿತು. ಎಳೆದರೆ ಬರುವುದಿಲ್ಲ, ಮುಚ್ಚಳದಂತಿರುವ ಲೋಹದ ಪಟ್ಟಿಯನ್ನು ಮೇಲಕ್ಕೆ ಎತ್ತಬೇಕು.

ಪಂಖ ತಿರುಗತೊಡಗಿದಾಗ ಹಿಟ್ಟಿನ ಗಿರಣಿಯೊಳಗೆ ಕೂತಂಥ ಸದ್ದು. ಓಡಿ ಓಡಿ ಒಮ್ಮೆಲೇ ನೆಲ ಬಿಟ್ಟಾಗ ಹೊಟ್ಟೆ ಒಂದು ಕ್ಷಣ ಕೆಳಗೇ ಉಳಿದಂತಾಯಿತು. ಕಿವಿ ಕಟ್ಟಿತು. ಮೇಲೇರುವಾಗ, ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಬದಲಾಗುವುದರಿಂದ ಹೀಗಾಗುತ್ತದೆ. ಪೆಪ್ಪರಮಿಂಟು ಚೀಪಿ ಉಗುಳು ನುಂಗುತ್ತಿದ್ದರೆ ಸರಿಹೋಗುತ್ತದೆ. ಇದೂ ಪುಟ್ಟಿಯ ಏಳನೇ ಸಾಲು. ನಡುವೆ ವಿಮಾನ ಕುಲುಕಿತು. ಮೋಡದ ದಾರಿಯಲ್ಲೂ ಹಳ್ಳಕೊಳ್ಳ ಇರುತ್ತದೆ, ಮಾಗಡಿ ರಸ್ತೆಗಿಂತ ಹೆಚ್ಚೇನಿಲ್ಲ.

ಎಟಿಆರ್‌ನಲ್ಲಿ ರೆಕ್ಕೆ ಕಿಟಕಿಯ ಮೇಲುಗಡೆ ಇರುವುದರಿಂದ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ. ಬೆಳಗಿನ ಬಿಸಿಲಿಗೆ ಕೆರೆಗಳು ನಾಣ್ಯ ಚೆಲ್ಲಿದಂತೆ ಹೊಳೆಯುತ್ತಿದ್ದವು. ಮೊದಲು ಕಂದು ಹೊಲ, ಹಸಿರು ತೋಟದ ಚೌಕ, ಬಂಡೆಗುಡ್ಡ. ಹುಬ್ಬಳ್ಳಿ ಹತ್ತಿರವಾದಂತೆ ಎರೆಭೂಮಿಯ ಕಪ್ಪು. ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸುತ್ತಾ ದಾಟಿದ ನಾಡು ಹೀಗಿದೆಯೆಂದು ನೋಡಿದ್ದು ಅದೇ ಮೊದಲು. ಏಳನೇ ಸಾಲಿನಲ್ಲಿ ನಮ್ಮಾಕೆಯ ತಲೆ ಕಿಟಕಿಗೆ ಅಂಟಿಕೊಂಡಿತ್ತು. ನೋಡುತ್ತಿದ್ದಾಳೋ, ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

ಆಗ ಜೇಬಿನಿಂದ ಪುಟ್ಟಿಯ ಹಾಳೆ ತೆಗೆದೆ. ನಾಲ್ಕನೇ ಸಾಲು: 'ಮನೆಯಲ್ಲೇ ತೂಕ ಹಾಕು, ಹದಿನೈದಕ್ಕಿಂತ ಜಾಸ್ತಿ ಬೇಡ.' ಐದನೇ ಸಾಲು: 'ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಒಣ ಕೊಬ್ಬರಿ ಎಲ್ಲೂ ಬೇಡ.'

ಇದನ್ನು ಹಿಂದಿನ ದಿನ ಓದಿದ್ದೆ. ನೋಟಿನ ಕಟ್ಟನ್ನು ಕೈಯಲ್ಲಿ ಹಿಡಿದೇ ಎಷ್ಟಿದೆ ಎಂದು ಹೇಳುತ್ತಿದ್ದವನಿಗೆ ಸೂಟ್‌ಕೇಸ್ ತೂಗಲು ಯಂತ್ರ ಬೇಕೇ ಎಂದುಕೊಂಡೆ. ಕೊಬ್ಬರಿಯ ಸಾಲು ನೋಡಿ, ಮಗು ಏನೋ ಬರೆದಿದೆ, ಕೊಬ್ಬರಿಯಿಂದ ಏನಾಗುತ್ತದೆ ಎಂದು ನಕ್ಕಿದ್ದೆ. ನಮ್ಮಾಕೆಗೆ ಓದಿ ಹೇಳಿರಲಿಲ್ಲ. ತಪ್ಪು ನನ್ನದು, ತಲೆ ತಗ್ಗಿಸಿದ್ದು ಅವಳು.

ಕೊಬ್ಬರಿಯ ನಿಯಮ ಸುಮ್ಮನೆ ಮಾಡಿದ್ದಲ್ಲ. ಮಕ್ಕಳೇ, ಒಣ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಗಾಳಿಯಾಡದೆ ಒತ್ತಿ ತುಂಬಿದ ಕಡೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ. ಹಾಗಾಗಿ ವಿಮಾನಗಳಲ್ಲಿ ಅದನ್ನು ಅಪಾಯದ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಸಾರಿಗೆ ತುರಿದು ಹಾಕುವ ಕೊಬ್ಬರಿ ಹೀಗೂ ಮಾಡೀತೆಂದು ತಿಪಟೂರಿನ ಅಳಿಯನಾದ ನನಗೂ ಗೊತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದಾಗ ಅಕ್ಕನ ಮಗ ಬಂದಿದ್ದ. ಗೋಕುಲ ರಸ್ತೆಯಲ್ಲೇ ಅವರ ಮನೆ, ನಿಲ್ದಾಣಕ್ಕೆ ಹತ್ತಿರ. ಅಕ್ಕನ ಸೊಸೆ ಬಾಗಿಲಲ್ಲೇ, "ಬರ್ರಿ ಬರ್ರಿ, ವಿಮಾನದಾಗ ಬಂದೀರಿ, ದೊಡ್ಡ ಮಂದಿ ಆಗೀರಿ!" ಎಂದು ನಗುತ್ತಾ ಕರೆದಳು. ನಮ್ಮಾಕೆ ನಗಲಿಲ್ಲ. ಚಹಾ ಕುಡಿದ ಮೇಲೆ ಅವಳನ್ನು ಹಿತ್ತಲಿಗೆ ಕರೆದು, ಪುಟ್ಟಿಯ ಹಾಳೆ ಕೊಟ್ಟು, "ಇದು ಮೊನ್ನೆಯೇ ನನ್ನ ಹತ್ತಿರ ಇತ್ತು" ಎಂದೆ. ಅವಳು ಕನ್ನಡಕ ಏರಿಸಿ ಹತ್ತೂ ಸಾಲು ಓದಿದಳು. ಏನೂ ಅನ್ನಲಿಲ್ಲ. ಹಾಳೆ ಮಡಿಚಿ ತನ್ನ ಪರ್ಸಿಗೆ ಹಾಕಿಕೊಂಡಳು.

ಸಂಜೆ, "ಪೇಟೆಗೆ ಹೋಗೋಣ ನಡೀರಿ" ಎಂದಳು. ದುರ್ಗದ ಬೈಲಿನ ಜನಜಂಗುಳಿಯಲ್ಲಿ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತು, "ಕೊಬ್ಬರಿ ಇದೆಯೇನಪ್ಪ, ಉಂಡೆ ಕೊಬ್ಬರಿ?" ಎಂದು ಕೇಳಿದಳು. ಅಂಗಡಿಯವನು ಚೀಲದ ಬಾಯಿ ಬಿಡಿಸಿ, "ತಿಪಟೂರ ಕೊಬ್ಬರಿ ಐತ್ರಿ ಅಮ್ಮಾರ, ಬ್ಯಾರೆ ಮಾಲ ನಾ ಇಡಂಗಿಲ್ಲ" ಎಂದ. ಬೆಳಗಿನಿಂದ ಮೊದಲ ಸಲ ನಮ್ಮಾಕೆ ನಕ್ಕಳು. ಹನ್ನೆರಡನ್ನು ಒಂದೊಂದೇ ಕಿವಿಯ ಹತ್ತಿರ ಅಲುಗಾಡಿಸಿ ಆರಿಸಿದಳು. ನಮಗಿಂತ ಮೊದಲೇ ತವರಿನ ಕೊಬ್ಬರಿ ಲಾರಿಯಲ್ಲಿ ಬಂದು ಕೂತಿತ್ತು!

ಮರುದಿನ ಶಾಂತಿ ಮುಗಿದ ಮೇಲೆ ಅಕ್ಕನಿಗೆ ಮಡಿಲು ತುಂಬಿದಳು. ಎಂಬತ್ತರ ಅಕ್ಕ ಸೆರಗು ಒಡ್ಡಿ ಕೂತು, ಕೊಬ್ಬರಿಯನ್ನು ಮೂಸಿ, "ಅಣ್ಣನ ತೋಟದ್ದು" ಎಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಿದ್ದೆವು. ಸುಳ್ಳು ಹೇಳಲು ಬಾರದ ನಮ್ಮಾಕೆ ಆ ದಿನ ಬಾಯಿ ಬಿಡಲಿಲ್ಲ.

ವಾಪಸ್ಸು ಬರುವ ಮಾತು ಬಂದಾಗ ವಿಮಾನದ ಟಿಕೆಟ್ ರದ್ದುಮಾಡಿದರೆ ಎಷ್ಟು ಕೈಗೆ ಬರುತ್ತದೆ ಎಂದು ಲೆಕ್ಕ ಹೇಳಿದೆ. ನಮ್ಮಾಕೆ ಕೇಳಿಸಿಕೊಂಡು, "ದುಡ್ಡಿಗಲ್ಲ ರೀ. ಒಂದು ಸಲ ತಲೆ ತಗ್ಗಿಸಿ ಬಂದೆ. ಸರಿಯಾಗಿ ಒಂದು ಸಲ ಹೋಗೋಣ" ಎಂದಳು.

ಆಮೇಲೆ ನಡೆದದ್ದೆಲ್ಲ ಅವಳ ಕಾರುಬಾರು. ಮೂಲೆಯ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಎರಡೂ ಸೂಟ್‌ಕೇಸ್ ಹತ್ತಿಸಿದಳು. ಧಾರವಾಡ ಪೇಡೆ ಸೇರಿ ಒಂದು ಹದಿಮೂರೂವರೆ, ಇನ್ನೊಂದು ಹದಿನಾಲ್ಕು. ಅಕ್ಕನ ಮಗನ ಕೈಲಿ ಮನೆಯಿಂದಲೇ ವೆಬ್ ಚೆಕ್-ಇನ್ ಮಾಡಿಸಿದಳು. ಹಿಂದೆ ಕೆಲವು ಕಂಪನಿಗಳು ನಿಲ್ದಾಣದ ಕೌಂಟರಿನಲ್ಲಿ ಮಾಡಿಸಿದರೆ ಅದಕ್ಕೂ ಶುಲ್ಕ ಕೇಳುತ್ತಿದ್ದವು. ಅಕ್ಕಪಕ್ಕದ ಸೀಟಿಗೆ ದುಡ್ಡು ಕೇಳಿದಾಗ, "ಕೊಡ್ರೀ" ಎಂದಳು. ಪಟ್ಟಿಯ ಒಂಬತ್ತನೇ ಸಾಲು: 'ಅಜ್ಜಿಗೆ ವೀಲ್‌ಚೇರ್ ಕೇಳು, ದುಡ್ಡು ಇಲ್ಲ.' ಹೋಗುವಾಗ ನಾಚಿಕೆಯಿಂದ ಕೇಳಿರಲಿಲ್ಲ. ಈಗ ಮುಂಚಿತವಾಗಿ ಫೋನು ಮಾಡಿಸಿ ಹೇಳಿಸಿದಳು. ಹುಬ್ಬಳ್ಳಿಯ ನಿಲ್ದಾಣದಲ್ಲಿ ಒಬ್ಬ ಹುಡುಗ ಗಾಲಿಕುರ್ಚಿ ತಂದು ಕಾದಿದ್ದ. ನಮ್ಮಾಕೆ ಮಹಾರಾಣಿಯಂತೆ ಮುಂದೆ, ನಾನು ಕೈಚೀಲ ಹಿಡಿದು ಹಿಂದೆ. ವಿಮಾನ ನಲವತ್ತು ನಿಮಿಷ ತಡವಾಯಿತು. ನಮ್ಮದಂಥ ಸಣ್ಣ ಪ್ರಯಾಣದಲ್ಲಿ ಎರಡು ಗಂಟೆ ಮೀರಿದರೆ ಕಂಪನಿಯೇ ತಿಂಡಿ ಕೊಡಬೇಕೆಂಬ ನಿಯಮವಿದೆ. ಅಲ್ಲಿಯವರೆಗೆ ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ನಮ್ಮನ್ನು ಕಾಯಿತು.

ವಿಮಾನದಲ್ಲಿ ದಾರಿಯ ಆಚೆಗೆ ಇಳಕಲ್ ಸೀರೆ ಉಟ್ಟ ಒಬ್ಬ ಅಜ್ಜಿ ಒಬ್ಬರೇ ಕೂತಿದ್ದರು. ಮಗ ಬೆಂಗಳೂರಿನಲ್ಲಿ ಕಾಯುತ್ತಿದ್ದನಂತೆ. ಇಳಿಯುವ ಹೊತ್ತಿಗೆ ಪಟ್ಟಿ ಬಿಚ್ಚಲಾಗದೆ ಎಳೆದೂ ಎಳೆದೂ ಅವರ ಮುಖ ಬೆವರಿತ್ತು. ನಮ್ಮಾಕೆ ಬಾಗಿ, "ಎಳೀಬೇಡಿ ಅಮ್ಮ, ಮೇಲಕ್ಕೆ ಎತ್ತಿ. ನಮ್ಮ ಯಜಮಾನರಿಗೂ ಮೊದಲು ಗೊತ್ತಾಗಲಿಲ್ಲ" ಎಂದಳು. ಟಕ್ ಎಂದು ಬಿಚ್ಚಿಕೊಂಡಿತು. "ಫಸ್ಟ್ ಟೈಮ್ ಏನ್ರಿ ನೀವೂ?" ಎಂದು ಆ ಅಜ್ಜಿ ಕೇಳಿದರು. ನಮ್ಮಾಕೆ ಗಂಭೀರವಾಗಿ, "ಇಲ್ಲ, ಎರಡನೇ ಸಲ" ಎಂದಳು.

ಬೆಂಗಳೂರಿನಲ್ಲಿ ಇಳಿದ ಮೇಲೆ ಟ್ಯಾಕ್ಸಿಯೂ ಬೇಡವೆಂದಳು. ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ವಾಯುವಜ್ರ ಬಸ್ಸು, ಅಲ್ಲಿಂದ ನೇರಳೆ ಮೆಟ್ರೋದಲ್ಲಿ ವಿಜಯನಗರ. ಸೂಟ್‌ಕೇಸಿಗೆ ಗಾಲಿ ಇದ್ದರೆ ಇದೇ ಅಗ್ಗ.

ಪುಟ್ಟಿಯ ಹಾಳೆ ಈಗ ನಮ್ಮ ಫ್ರಿಡ್ಜಿನ ಬಾಗಿಲ ಮೇಲಿದೆ. ಅಕ್ಕಪಕ್ಕದ ಮನೆಯವರು ಮೊದಲ ಸಲ ವಿಮಾನ ಹತ್ತುವಾಗ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವಳು ಬರೆದ ಹತ್ತು ಸಾಲಿನ ಕೆಳಗೆ ಅಜ್ಜಿಯ ಕೈಬರಹದಲ್ಲಿ ಹನ್ನೊಂದನೆಯ ಸಾಲೊಂದು ಸೇರಿದೆ:

'ತಾತ ಎಲ್ಲ ಸಾಲನ್ನೂ ಜೋರಾಗಿ ಓದಿ ಹೇಳಬೇಕು.'